ನಮ್ಮನೆಯವರ ಹದಿನೇಳು ಪುಡಿಗಳು

ಹನ್ನೊಂದು ವರ್ಷ ಹುಳಿ ಅಳೆದ ಮನುಷ್ಯನಿಗೆ ಸಾರಿಗೆ ಹುಣಸೆಹಣ್ಣು ಬಿದ್ದಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು. ನಾನು ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ. ಒಂದು ಸೋಮವಾರ ಬೇಕೆಂದೇ ಹುಣಸೆಹಣ್ಣು ಹಾಕದೆ ಬಸ್ಸಾರು ಮಾಡಿ ಬಡಿಸಿದೆ. ಎರಡು ಮುದ್ದೆ ಇಳಿಸಿ, ಕೈ ತೊಳೆದು, ಟವೆಲ್ಲಿಗೆ ಒರೆಸಿಕೊಳ್ಳುತ್ತಾ ನಮ್ಮನೆಯವರು ಹೇಳಿದರು: "ಇವತ್ತು ಹುಳಿ ಹದವಾಗಿ ಬಿದ್ದಿತ್ತು ಕಣೇ!"

ನಮ್ಮನೆಯವರು ಹಾಸನದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಮನೆ ಹೊಳೆನರಸೀಪುರದಲ್ಲಿ. ಬೇರೆ ಗಂಡಸರು ಬಿ.ಪಿ. ಮಾತ್ರೆ ಶುರು ಮಾಡುವ ವಯಸ್ಸಿನಲ್ಲಿ ಇವರು ಪಿಎಚ್.ಡಿ. ಶುರು ಮಾಡಿದರು. ವಿಷಯ ಏನೆಂದು ಬಂದವರೆಲ್ಲ ಕೇಳುತ್ತಿದ್ದರು. ಇವರು ಹೇಳಲು ಶುರು ಮಾಡಿದ ಎರಡನೇ ನಿಮಿಷಕ್ಕೆ ಬಂದವರಿಗೆ ಬಸ್ಸಿನ ನೆನಪಾಗುತ್ತಿತ್ತು. ನನಗೆ ಓಡಿಹೋಗಲು ಬಸ್ಸಿರಲಿಲ್ಲವಲ್ಲ, ಹಾಗಾಗಿ ನನಗೆ ಸ್ವಲ್ಪ ಅರ್ಥವಾಯಿತು. ಎಸ್ಸೆಸ್ಸೆಲ್ಸಿಗೆ ಓದು ಮುಗಿಸಿದವಳಿಗೆ ಎಷ್ಟು ಅರ್ಥವಾಗಬಹುದೋ ಅಷ್ಟು.

ಕಾರ್ಖಾನೆಗಳಲ್ಲಿ ಕ್ಯಾಟಲಿಸ್ಟ್ ಅಂತ ಒಂದು ಪುಡಿ ಹಾಕುತ್ತಾರಂತೆ. ಹೊಂಗೆ ಎಣ್ಣೆಯನ್ನು ಡೀಸೆಲ್ ಮಾಡಬೇಕು ಅನ್ನಿ, ಈ ಪುಡಿ ಹಾಕಿದರೆ ಕೆಲಸ ಬೇಗ ಆಗುತ್ತದೆ, ಪುಡಿ ಮಾತ್ರ ಖರ್ಚಾಗುವುದಿಲ್ಲ. ಎಲ್ಲಾ ಪುಡಿಯೂ ಒಂದೇ ಅಲ್ಲ. ಕೆಲವಕ್ಕೆ ಹುಳಿಯ ಗುಣ, ಕೆಲವಕ್ಕೆ ಸುಣ್ಣದ ಗುಣ, ಕೆಲವಕ್ಕೆ ಎರಡೂ. ಎಷ್ಟಿದೆ, ಎಲ್ಲಿದೆ, ಎಷ್ಟು ಗಟ್ಟಿಯಾಗಿದೆ ಅಂತ ತಿಳಿಯಬೇಕು. ನೆಕ್ಕಿ ನೋಡುವ ಹಾಗಿಲ್ಲ. (ನೆಕ್ಕಿದ್ದರೂ ಇವರಿಗೆ ಗೊತ್ತಾಗುತ್ತಿರಲಿಲ್ಲ, ಆ ಮಾತು ಬೇರೆ.) ಅದಕ್ಕೇ ಒಂದು ಮೆಷಿನ್ನು. ಒಲೆ ಮುಂದೆ ಕೂತಾಗ ಮುಖಕ್ಕೆ ತಾಗುತ್ತದಲ್ಲ, ಅಂಥ ಕಣ್ಣಿಗೆ ಕಾಣದ ಬಿಸಿ ಬೆಳಕನ್ನು ಪುಡಿಯೊಳಗೆ ಹಾಯಿಸಿದರೆ ಕಂಪ್ಯೂಟರಿನಲ್ಲಿ ಗುಡ್ಡ ಹಳ್ಳದ ಹಾಗೆ ಒಂದು ಗೆರೆ ಬರುತ್ತದೆ. ಗುಡ್ಡ ಎಲ್ಲಿ ಎದ್ದಿದೆ ಅನ್ನುವುದರ ಮೇಲೆ ಒಳಗಿನ ಸಮಾಚಾರ ಹೇಳುತ್ತಾರೆ. ಇನ್‌ಫ್ರಾರೆಡ್ ಅಂತ ಅದರ ಹೆಸರು.

ಇವರ ಪಾಲಿಗೆ ಬಂದಿದ್ದು ಹದಿನೇಳು ಪುಡಿ. ಹದಿನೇಳೂ ಮುಗಿದರೆ ಪುಸ್ತಕ, ಪುಸ್ತಕ ಮುಗಿದರೆ ಡಾಕ್ಟರ್. ಇವರಿಗೆ ಡಾಕ್ಟರ್ ಅನ್ನಿಸಿಕೊಳ್ಳುವುದಕ್ಕಿಂತ ಮುಗಿಸುವುದರ ಮೇಲೆ ಆಸೆ ಜಾಸ್ತಿ. ಅದಕ್ಕೆ ಕಾರಣವಿದೆ. ಚನ್ನರಾಯಪಟ್ಟಣದ ಹತ್ತಿರ ಇವರ ಊರಿಗೆ ನನ್ನನ್ನು ಮದುವೆ ಮಾಡಿಕೊಂಡು ಹೋದ ವಾರವೇ ಕೈ ಹಿಡಿದು ತೋರಿಸಿದರು: "ಇದು ನಮ್ಮಜ್ಜ ಅರ್ಧ ಕಟ್ಟಿದ ಗೋಡೆ. ಇದು ನಮ್ಮಪ್ಪ ಅರ್ಧ ತೋಡಿದ ಬಾವಿ. ಇದು ನಮ್ಮ ಚಿಕ್ಕಪ್ಪ ಸೂರು ಹಾಕದೆ ಬಿಟ್ಟ ಕೊಟ್ಟಿಗೆ." ಹೊಸ ಹೆಂಡತಿಗೆ ತೋಟ ತೋರಿಸುತ್ತಾರೆ, ದೇವಸ್ಥಾನ ತೋರಿಸುತ್ತಾರೆ. ಅರ್ಧ ಬಾವಿ ಯಾರಾದರೂ ತೋರಿಸುತ್ತಾರಾ? "ನಮ್ಮ ವಂಶದಲ್ಲಿ ಶುರು ಮಾಡಿದ್ದನ್ನ ಮುಗಿಸಿದೋನು ಒಬ್ಬನೂ ಇಲ್ಲ ಕಣೇ. ನಾನೊಬ್ಬ ಮುಗಿಸ್ತೀನಿ, ನೋಡ್ತಿರು" ಅಂದರು. ನಾನು ಹೊಸಬಳು. ಏನನ್ನು ಮುಗಿಸುತ್ತಾರೋ ಅಂತ ಸ್ವಲ್ಪ ಹೆದರಿಕೆಯೇ ಆಯಿತು!

ನಮ್ಮತ್ತೆಗೆ ಮಾತ್ರ ಮಗ ಡಾಕ್ಟರ್ ಆಗುವುದರಲ್ಲಿ ನಂಬಿಕೆ ಹೊರಟುಹೋಗಿತ್ತು. ಜಗಲಿ ಮೇಲೆ ಕಾಲು ಚಾಚಿ ಕೂತು ಅನ್ನುವರು: "ಏನ್ಲಾ ಮಗ, ವರ್ಸಾನುಗಟ್ಲೆ ಡಾಕ್ಟ್ರಾಯ್ತೀನಿ ಡಾಕ್ಟ್ರಾಯ್ತೀನಿ ಅಂತೀಯ. ನನ್ ಮಂಡಿನೋವ್ಗೆ ಒಂದ್ ಮಾತ್ರೆ ಬರ್ಕೊಡಕಾಗಾಕಿಲ್ವಲ್ಲ ನಿಂಗೆ!"

"ಅವ್ವಾ, ಅದು ಬೇರೆ ಡಾಕ್ಟ್ರು. ನಾನು ಪುಡಿಗೆ ಡಾಕ್ಟ್ರು."

"ಪುಡಿಗೇನ್ ಬಂದದ್ಲಾ ಕಾಯ್ಲೆ?"

ಈ ಪ್ರಶ್ನೆಗೆ ಯೂನಿವರ್ಸಿಟಿಯಲ್ಲೂ ಯಾರೂ ಉತ್ತರ ಕೊಟ್ಟಿರಲಾರರು.

ಈಗ ವಾಸನೆಯ ವಿಷಯಕ್ಕೆ ಬರುತ್ತೇನೆ. ಪುಡಿಯಲ್ಲಿರುವ ಹುಳಿ ತಾನಾಗಿ ನಾನಿಲ್ಲಿದ್ದೇನೆ ಅಂತ ಹೇಳುವುದಿಲ್ಲವಂತೆ. ಅದರ ಹತ್ತಿರಕ್ಕೆ ಪಿರಿಡಿನ್ ಅನ್ನುವ ಒಂದು ದ್ರವದ ಆವಿಯನ್ನು ಕಳಿಸಬೇಕು. ಹುಳಿ ಇದ್ದ ಕಡೆ ಅದು ಹೋಗಿ ಅಂಟಿಕೊಳ್ಳುತ್ತದೆ, ಆಗ ಗೆರೆಯಲ್ಲಿ ಗುಡ್ಡ ಏಳುತ್ತದೆ. ಸುಣ್ಣದ ಗುಣ ಪತ್ತೆಮಾಡಲು ಬೇರೆ ಗಾಳಿ, ನಾವು ಉಸಿರಿನಲ್ಲಿ ಹೊರಬಿಡುತ್ತೇವಲ್ಲ, ಅದು. ಅದಕ್ಕೆ ವಾಸನೆ ಇಲ್ಲ, ದೇವರು ದೊಡ್ಡವನು. ಆದರೆ ಪಿರಿಡಿನ್! ಮೂರು ದಿನದ ಮೀನಿಗೆ ಸುಟ್ಟ ರಬ್ಬರು ಸೇರಿಸಿದ ಹಾಗೆ. ಲ್ಯಾಬಿನಲ್ಲಿ ಅದನ್ನು ಗಾಜಿನ ಬೀರುವಿನೊಳಗೇ ಇಟ್ಟು ಕೆಲಸ ಮಾಡುತ್ತಿದ್ದರಂತೆ, ಆದರೂ ಅಂಗಿಗೆ ಒಂದಿಷ್ಟು ಅಂಟಿಕೊಂಡು ಮನೆಗೆ ಬರುತ್ತಿತ್ತು. ಅವರ ಮೂಗು ಅದಕ್ಕೆ ಒಗ್ಗಿಹೋಗಿತ್ತು. ಮೂಗಿನ ಜೊತೆ ನಾಲಿಗೆಯೂ ಹೋಗಿತ್ತು ಅಂತ ನನ್ನ ಅನುಮಾನ.

ಒಂದು ಶ್ರಾವಣ ಶನಿವಾರ ನಾವಿಬ್ಬರೂ ಹಾಸನದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಕಾಲಿಡಲು ಜಾಗವಿಲ್ಲ. ಕಂಡಕ್ಟರು ಟಿಕೆಟ್ ಕೊಡುತ್ತಾ ನಮ್ಮ ಹತ್ತಿರ ಬಂದವನು ಮೂಗು ಮುಚ್ಚಿಕೊಂಡು ಕೂಗಿದ: "ಯಾರ್ರೀ ಅದು ಮೀನ್ ತಂದಿರೋರು? ಸ್ರಾವಣ ಸನಿವಾರ ಬ್ಯಾರೆ! ಇಳೀರಿ ಕೆಳಕ್ಕೆ!"

ಬಸ್ಸಿನವರೆಲ್ಲ ಒಬ್ಬರ ಚೀಲ ಒಬ್ಬರು ನೋಡಿಕೊಂಡರು. ಪಕ್ಕದ ಸೀಟಿನ ಅಜ್ಜಿ ನನ್ನ ಚೀಲದ ಬಾಯಿ ಬಿಡಿಸಿಯೇ ನೋಡಿತು. ಅದರಲ್ಲಿ ಉದ್ದಿನಬೇಳೆ. ಇವರು ಎದ್ದು ನಿಂತು, ಕ್ಲಾಸಿನಲ್ಲಿ ಪಾಠ ಹೇಳುವ ಹಾಗೆ, "ಅದು ಮೀನಲ್ಲ ಸ್ವಾಮಿ. ಅದು ಪಿರಿಡಿನ್. ಐದು ಇಂಗಾಲ, ಒಂದು ಸಾರಜನಕ" ಅಂತ ಶುರು ಮಾಡಿಯೇಬಿಟ್ಟರು!

"ಎಷ್ಟಾದ್ರೂ ಇರ್ಲಿ ಸಾ," ಅಂದ ಕಂಡಕ್ಟರು, "ಚೆನ್ನಾಗ್ ತೊಳ್ದು ತರಬೇಕಲ್ವಾ?"

ಆದರೆ ಇದರಿಂದ ಒಂದು ಅನುಕೂಲವೂ ಆಯಿತು. ಅಲ್ಲಿಂದಾಚೆಗೆ ಆ ಬಸ್ಸಿನಲ್ಲಿ ಇವರಿಗೆಂದೇ ಕಿಟಕಿ ಪಕ್ಕದ ಸೀಟು. ಅಕ್ಕಪಕ್ಕ ಯಾರೂ ಕೂರುತ್ತಿರಲಿಲ್ಲ. ಆರಾಮವಾಗಿ ಕಾಲು ಚಾಚಿಕೊಂಡು ಬರುತ್ತಿದ್ದರು. ಎಂ.ಎಲ್.ಎ.ಗೂ ಸಿಗದ ಮರ್ಯಾದೆ!

ಲ್ಯಾಬಿನ ಬುದ್ಧಿಯನ್ನು ಲ್ಯಾಬಿನಲ್ಲೇ ಬಿಟ್ಟು ಬರುವ ಅಭ್ಯಾಸ ಅವರಿಗಿರಲಿಲ್ಲ. ಪಿರಿಡಿನ್ ಅಂಟಿಕೊಂಡ ಮೇಲೆ ಪುಡಿಯನ್ನು ಬಿಸಿ ಮಾಡುತ್ತಾ ಹೋಗಬೇಕಂತೆ. "ಮೊದಲು ಎಲ್ಲಾ ಜಾಗಾನೂ ಹಿಡ್ಕೊಳ್ತದೆ ಕಣೇ, ಅದು ಲೆಕ್ಕಕ್ಕಿಲ್ಲ. ನೂರು ಡಿಗ್ರಿಗೆ ಒಂದಿಷ್ಟು ಕೈಬಿಡ್ತದೆ. ಇನ್ನೂರಕ್ಕೆ ಇನ್ನೊಂದಿಷ್ಟು. ಬಿಸಿ ಮಾಡದೆ ಯಾರ ಶಕ್ತಿ ಎಷ್ಟು ಅಂತ ಹೇಳಕ್ಕಾಗಲ್ಲ" ಅನ್ನುತ್ತಿದ್ದರು. ಕೇಳಲು ಚೆನ್ನಾಗಿದೆ. ಆದರೆ ಇದನ್ನು ಹೆಣ್ಣು ನೋಡುವ ಶಾಸ್ತ್ರದಲ್ಲಿ ಪ್ರಯೋಗ ಮಾಡಿದರೆ?

ಚನ್ನರಾಯಪಟ್ಟಣದಲ್ಲಿ ನನ್ನ ನಾದಿನಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ತೆಂಗಿನಕಾಯಿ ವ್ಯಾಪಾರದವರು, ಹತ್ತು ಜನ. ಏಪ್ರಿಲ್ ತಿಂಗಳ ಮಧ್ಯಾಹ್ನ. ಕೋಣೆಯಲ್ಲಿ ಇರುವುದು ಒಂದೇ ಫ್ಯಾನು. ಕಾಫಿ, ಉಪ್ಪಿಟ್ಟು ಆಯಿತು. ಎಲ್ಲರೂ ನಗುನಗುತ್ತಾ ಮಾತಾಡುತ್ತಿದ್ದಾರೆ. ಸೋದರಮಾವನಾದ ನಮ್ಮನೆಯವರು ಎದ್ದರು, ಸ್ವಿಚ್ಚಿನ ಹತ್ತಿರ ಹೋದರು, ಫ್ಯಾನು ಆರಿಸಿ ಬಂದು ಕೂತರು.

ಗಂಡಿನ ತಂದೆ ಮೇಲೆ ನೋಡಿದರು. "ಕರೆಂಟ್ ಓಯ್ತಾ?"

"ಇಲ್ಲ. ನಾನೇ ಆರಿಸ್ದೆ."

"ಯಾಕ್ ಸಾ?"

"ಸ್ವಲ್ಪ ಹೊತ್ತು ಇರಲಿ ಅಂತ."

ನಾದಿನಿಯ ಮುಖ ನೋಡಬೇಕಿತ್ತು ನೀವು! ಇವರು ಗಡಿಯಾರ ನೋಡುತ್ತಾ ಕೂತಿದ್ದಾರೆ. ಹತ್ತು ನಿಮಿಷಕ್ಕೆ ಗಂಡಿನ ಚಿಕ್ಕಪ್ಪ ಫೋನು ಬಂತೆಂದು ಹೊರಗೆ ಹೋದರು, ಫೋನು ಬಂದೇ ಇರಲಿಲ್ಲ. ಹದಿನೈದಕ್ಕೆ ಇಬ್ಬರು ಭಾವಂದಿರು ತೆಂಗಿನ ಗಿಡ ನೋಡಲು ಎದ್ದರು. ಇಪ್ಪತ್ತಕ್ಕೆ ಗಂಡಿನ ತಂದೆ, "ಇದೇನ್ ಸಂಬಂದ ನೋಡಾಕ್ ಬಂದಿದೀವೋ ಕೊಬ್ಬರಿ ಒಣಗ್ಸಾಕ್ ಬಂದಿದೀವೋ" ಅಂತ ಎದ್ದೇಬಿಟ್ಟರು. ಮಿಕ್ಕವರೂ ಅವರ ಹಿಂದೆಯೇ ಹೊರಟರು. ಒಳಗೆ ಉಳಿದವರು ಗಂಡು ಮತ್ತು ಅವನ ಅಜ್ಜಿ. ಹುಡುಗನ ಅಂಗಿ ಒದ್ದೆಮುದ್ದೆ. ಅವನು ಟೀಪಾಯಿ ಮೇಲಿದ್ದ ನ್ಯೂಸ್ ಪೇಪರು ಮಡಚಿ ಅಜ್ಜಿಗೆ ಗಾಳಿ ಹಾಕುತ್ತಿದ್ದ.

ನಮ್ಮನೆಯವರು ಎದ್ದು ಫ್ಯಾನು ಹಾಕಿದರು. "ನಮಗೆ ಒಪ್ಪಿಗೆ" ಅಂದರು. ಹೆಣ್ಣನ್ನು ಇನ್ನೂ ಯಾರೂ ಕರೆತಂದೇ ಇರಲಿಲ್ಲ!

ಮದುವೆ ಆಯಿತು, ಚೆನ್ನಾಗಿಯೂ ಇದ್ದಾರೆ. ಆದರೆ ಇವರು ಆ ಮನೆಗೆ ಹೋದಾಗಲೆಲ್ಲ ಆ ಹುಡುಗ ನಮಸ್ಕಾರ ಮಾಡಿ, ಕುಶಲ ಕೇಳಿ, ಆಮೇಲೆ ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ.

ಇಷ್ಟು ಹೊತ್ತು ಅವರ ಮಾತಾಯಿತು. ನನ್ನ ಮಾತೂ ಹೇಳಬೇಕು, ಏಕೆಂದರೆ ಹದಿನೇಳು ಪುಡಿಗಳ ಕಥೆಯಲ್ಲಿ ದೊಡ್ಡ ಅನಾಹುತ ಮಾಡಿದವಳು ನಾನೇ.

ನನ್ನ ತವರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ. ಅಲ್ಲಿ ನಮ್ಮವ್ವನಿಂದ ಕಲಿತದ್ದು ಹಪ್ಪಳ. ಹೊಳೆನರಸೀಪುರದಲ್ಲೂ ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಕೊಡುತ್ತೇನೆ. ಪುಡಿಯನ್ನು ಮೆಷಿನ್ನಿನೊಳಗೆ ಇಡುವ ಮುಂಚೆ ಉಕ್ಕಿನ ಅಚ್ಚಿನಲ್ಲಿ ಹಾಕಿ ಒತ್ತಿ, ಬೆಳಕು ಹಾಯುವಷ್ಟು ತೆಳ್ಳಗಿನ ಬಿಲ್ಲೆ ಮಾಡಬೇಕು. ಎಂಟಾಣೆಗಿಂತ ಚಿಕ್ಕದು, ಈರುಳ್ಳಿ ಸಿಪ್ಪೆಯಷ್ಟು ತೆಳು. ಇವರು ಒತ್ತುವುದು, ಅದು ಒಡೆಯುವುದು. ಒಂದೊಂದು ದಿನ ಇಪ್ಪತ್ತು ಬಿಲ್ಲೆ ಒಡೆದು ಮನೆಗೆ ಬಂದು, ಮುಖ ಊದಿಸಿಕೊಂಡು ನನ್ನ ಹಪ್ಪಳದ ಮುಂದೆ ಕೂರುವರು.

"ನಿಂದು ಹೆಂಗೆ ಒಡೆಯಲ್ಲ?" ಅಂತ ಒಂದು ದಿನ ಕೇಳಿದರು, ನಾನೇನೋ ಮೋಸ ಮಾಡುತ್ತಿರುವ ಹಾಗೆ.

"ನೀವು ಒತ್ತೋದು ಸರಿಯಾಗೇ ಒತ್ತುತೀರಿ ಅನ್ಸುತ್ತೆ. ಬಿಡೋದು ಹೆಂಗೆ ಬಿಡ್ತೀರಿ?"

"ಬಿಡೋದು ಅಂದ್ರೆ? ಬಿಡ್ತೀನಿ ಅಷ್ಟೆ."

"ಅದೇ ತಪ್ಪು. ನಿಧಾನಕ್ಕೆ ಬಿಡಬೇಕು."

ಮುಂದಿನ ಭಾನುವಾರ ನನ್ನನ್ನು ಹಾಸನಕ್ಕೆ ಕರೆದುಕೊಂಡು ಹೋದರು. ಪುಡಿಯನ್ನು ಪುಟ್ಟ ಕಲ್ಲಿನ ಕುಟ್ಟಾಣಿಯಲ್ಲಿ ಇನ್ನೂ ನಯ ಮಾಡಿದೆ, ಅಚ್ಚಿಗೆ ಹಾಕಿ ಒತ್ತಿದೆ, ಮೆಲ್ಲಗೆ ಬಿಟ್ಟೆ. ಬಿಲ್ಲೆ ಇಡಿಯಾಗಿ ಬಂತು! ಇವರ ಗೈಡು, ತಲೆ ನರೆತ ಪ್ರೊಫೆಸರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಅಮ್ಮಾ, ಎಲ್ಲಿ ಕಲಿತ್ರಿ?" ಅಂದರು. "ಮಲ್ಲಿಪಟ್ಟಣ ಸಾರ್" ಅಂದೆ. ಅಲ್ಲೂ ಇಂಥ ಲ್ಯಾಬಿದೆ ಅಂತಲೇ ಅವರು ತಿಳಿದುಕೊಂಡರೆಂದು ಕಾಣುತ್ತದೆ.

ಅಲ್ಲಿಂದ ಬಿಲ್ಲೆ ಕೆಲಸ ನನ್ನದಾಯಿತು. ಮೆಷಿನ್ನಿನ ಹತ್ತಿರ ಇವರು ನನ್ನನ್ನು ಬಿಡುತ್ತಿರಲಿಲ್ಲ. "ಮುಚ್ಚಳ ತೆಗೆದಾಗ ಉಸಿರು ಬಿಡಬೇಡ, ನಿನ್ನ ಉಸಿರೂ ಗೆರೆಯಲ್ಲಿ ಬರ್ತದೆ" ಅಂತ ಗದರುವರು. ಮಾತಾಡಬೇಡ ಅಂದ ಗಂಡಂದಿರು ಊರಿಗೆಲ್ಲ ಇದ್ದಾರೆ. ಉಸಿರೇ ಬಿಡಬೇಡ ಅಂದವರು ಇವರೊಬ್ಬರೇ!

ಏಳು ಪುಡಿ ಮುಗಿದು ಎಂಟನೆಯದು ನಡೆಯುತ್ತಿದ್ದಾಗ ಒಂದು ಸಾಯಂಕಾಲ ಇವರು ಬಸ್ಸಿಳಿದು ಓಡಿಕೊಂಡೇ ಬಂದರು. "ಹೊಸದು ಸಿಕ್ತು ಕಣೇ! ಎರಡು ಶಿಖರ! ಮೊಸಳೆ ದೇವಸ್ಥಾನ ಇದ್ದ ಹಾಗೆ, ಅಕ್ಕಪಕ್ಕ, ಜೋಡಿ!" (ಮೊಸಳೆ ಅಂದರೆ ಹಾಸನದ ಹತ್ತಿರದ ಊರು, ಅಲ್ಲಿ ಅಕ್ಕಪಕ್ಕ ಒಂದೇ ಥರದ ಎರಡು ಗುಡಿ.) ಗೆರೆಯಲ್ಲಿ ಇರಬಾರದ ಜಾಗದಲ್ಲಿ ಎರಡು ಗುಡ್ಡ ಎದ್ದಿದ್ದವು. ಪುಡಿಯ ಮೇಲೆ ಇದುವರೆಗೂ ಯಾರೂ ಕಾಣದ್ದೇನೋ ಹುಟ್ಟಿದೆ ಅಂತ ಇವರ ತೀರ್ಮಾನ. ಕಾಲೇಜಿಗೆಲ್ಲ ಮೈಸೂರು ಪಾಕು ಹಂಚಿದರು. ಭಾನುವಾರ ನನ್ನನ್ನು ನಿಜವಾಗಿಯೂ ಮೊಸಳೆಗೆ ಕರೆದುಕೊಂಡು ಹೋಗಿ ಎರಡು ಗುಡಿಯಲ್ಲೂ ಕೈ ಮುಗಿಸಿದರು. ಒಂದು ಲೇಖನವನ್ನೂ ಬರೆದರು. ಮೂರು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ.

ಆಮೇಲೆ ಒಂಬತ್ತನೇ ಪುಡಿಯಲ್ಲೂ ಅದೇ ಜೋಡಿ ಗುಡ್ಡ ಎದ್ದಿತು. ಹತ್ತರಲ್ಲೂ. ಹುಳಿ ಪುಡಿಯಲ್ಲೂ ಅದೇ, ಸುಣ್ಣದ ಪುಡಿಯಲ್ಲೂ ಅದೇ. ಇವರು ಬಂದು ಒಲೆ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ನಿಜ ಹೇಳು. ಬಿಲ್ಲೆ ಮಾಡುವಾಗ ಏನಾದರೂ ಹಾಕ್ತೀಯಾ?"

"ಏನೂ ಹಾಕಲ್ಲ."

"ಏನೂ?"

"ಏನೂ ಇಲ್ಲ. ಅಚ್ಚಿಗೆ ಅಂಟಬಾರದು ಅಂತ ಒಂಚೂರು ಕಡಲೆಕಾಯಿ ಎಣ್ಣೆ ಸವರ್ತೀನಿ, ಅಷ್ಟೆ."

ಹಪ್ಪಳ ಒತ್ತುವವರು ಯಾರಾದರೂ ಎಣ್ಣೆ ಸವರದೆ ಒತ್ತುತ್ತಾರಾ ನೀವೇ ಹೇಳಿ! ಎಂಟನೆಯ ಪುಡಿ ಸ್ವಲ್ಪ ಅಂಟಂಟಾಗಿತ್ತು, ಆವತ್ತಿನಿಂದ ಒಂದು ಪುಟ್ಟ ಶೀಶೆಯಲ್ಲಿ ಎಣ್ಣೆ ತೆಗೆದುಕೊಂಡು ಹೋಗುತ್ತಿದ್ದೆ. ಹೇಳಿಕೊಳ್ಳುವುದೇನು ಅಂತ ಸುಮ್ಮನಿದ್ದೆ. ಆ ಜಾಗದಲ್ಲಿ ಎದ್ದರೆ ಅದು ಎಣ್ಣೆ ಜಿಡ್ಡಿನ ಗುರುತು ಅಂತ ಕಾಲೇಜು ಮಕ್ಕಳಿಗೂ ಗೊತ್ತಂತೆ. ತನ್ನ ಲ್ಯಾಬಿಗೆ ಎಣ್ಣೆ ಎಲ್ಲಿಂದ ಬಂದೀತು ಅಂತ ಇವರು ಆ ಕಡೆ ಯೋಚಿಸಿಯೇ ಇರಲಿಲ್ಲ.

ಎರಡು ದಿನ ಮಾತಿಲ್ಲ ಕಥೆಯಿಲ್ಲ. ಮೂರನೇ ದಿನ ಊಟಕ್ಕೆ ಹಪ್ಪಳ ಕರಿದು ಹಾಕಿದೆ. ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದರು. "ಮೊಸಳೆ ದೇವಸ್ಥಾನ" ಅಂದರು. ಅಂದು, ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು. "ಅಳ್ತೀಯಾ ಯಾಕೆ? ಜಗತ್ತಿನಲ್ಲಿ ಕಡಲೆಕಾಯಿ ಎಣ್ಣೆಗೆ ಕೈ ಮುಗಿದೋನು ನಾನೊಬ್ಬನೇ. ಅದೂ ಎರಡು ಗುಡೀಲಿ!"

ನಕ್ಕರು ನಿಜ, ಆದರೆ ನಷ್ಟ ಸಣ್ಣದಾಗಿರಲಿಲ್ಲ. ಮೂರು ಪುಡಿಗಳ ಕೆಲಸ ಮೊದಲಿನಿಂದ ಮಾಡಬೇಕಾಯಿತು. ಯೂನಿವರ್ಸಿಟಿಯವರು ಇದೇ ಕೊನೆ ಅಂತ ಒಂದು ವರ್ಷ ಗಡುವು ಕೊಟ್ಟರು. ನಾನು ಎಣ್ಣೆಯಿಲ್ಲದೆ ಒತ್ತುವುದು ಕಲಿತೆ. ಬಿಲ್ಲೆ ಕೆಲಸದ ಹಿಂದಿನ ದಿನ ಹಪ್ಪಳ ಮುಟ್ಟುತ್ತಿರಲಿಲ್ಲ, ತಲೆಗೂ ಎಣ್ಣೆ ಹಚ್ಚುತ್ತಿರಲಿಲ್ಲ. ನಮ್ಮತ್ತೆ, "ಇವ್ಳಿಗೂ ಅಂಟ್ಕತು ಪುಡಿ ಕಾಯ್ಲೆ" ಅಂದರು. ಹನ್ನೆರಡಾಯಿತು, ಹದಿನಾಲ್ಕಾಯಿತು. ದೀಪಾವಳಿಗೆ ಹದಿನಾರು ಮುಗಿಯಿತು. ಇನ್ನೊಂದು ಪುಡಿ, ಇನ್ನು ನಾಲ್ಕು ತಿಂಗಳು.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಬಸ್ಸಿಗೆ ಹೊರಟವರು ಚಪ್ಪಲಿ ಮೆಟ್ಟಿಕೊಂಡು, ಯಾಕೋ ಸುಸ್ತು ಅಂತ ಜಗಲಿಯಲ್ಲಿ ಕೂತರು. ನೀರು ತರಲು ಒಳಗೆ ಹೋದೆ. ತಂದೆ. ಅಷ್ಟರಲ್ಲಿ ಆಗಿಹೋಗಿತ್ತು.

ಅದರ ಬಗ್ಗೆ ಇನ್ನೇನು ಬರೆಯಲಿ? ಬಂದವರೆಲ್ಲ ಒಳ್ಳೆ ಸಾವು ಅಂದರು. ನನಗೆ ಹಾಗೆ ಅನ್ನಿಸಲಿಲ್ಲ.

ತಿಥಿ ಕಳೆದು ಒಂದು ವಾರಕ್ಕೆ ಗೈಡು ಫೋನು ಮಾಡಿದರು. ಮಾತು ತಡವರಿಸುತ್ತಿತ್ತು. "ಅಮ್ಮಾ, ಕೇಳಬಾರದು, ಆದರೂ ಕೇಳ್ತಾ ಇದೀನಿ. ಆ ಹದಿನೇಳನೇ ಪುಡಿ. ನಮ್ಮಲ್ಲಿ ಎಲ್ಲರೂ ಒತ್ತಿ ನೋಡಿದ್ವಿ. ಒಂದೂ ನಿಲ್ತಾ ಇಲ್ಲ."

"ಅದು ಆದ್ರೆ ಅವರಿಗೆ ಡಾಕ್ಟರ್ ಪದವಿ ಕೊಡ್ತಾರಾ ಸಾರ್?"

"ಗೊತ್ತಿಲ್ಲಮ್ಮ. ನಾನು ಬರೆದು ಕೇಳಿದೀನಿ. ಕೊಟ್ಟರೂ ಕೊಡಬಹುದು, ಕೊಡದೇನೂ ಇರಬಹುದು. ಕೆಲಸ ಅಂತೂ ಮುಗೀತದೆ."

ನಮ್ಮತ್ತೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ಹೋಗಬೇಡ ಅನ್ನುತ್ತಾರೆ ಅಂದುಕೊಂಡೆ. ಇನ್ನೂ ತಿಂಗಳಾಗಿಲ್ಲ, ನೋಡಿದವರು ಏನಂದಾರು? ಅವರು ಗೋಡೆ ಕಡೆ ತಿರುಗಿ ಕೂತು, "ಓಗ್ ಬಾ ಮಗ. ಅದೊಂದ್ನಾದ್ರೂ ಮುಗುಸ್ಬುಡು" ಅಂದರು.

ಎರಡು ದಿನ ತಲೆಗೆ ಎಣ್ಣೆ ಮುಟ್ಟಿಸದೆ ಹಾಸನಕ್ಕೆ ಹೋದೆ. ಆ ಪುಡಿ ಬಹಳ ಹಗುರ, ಊದಿದರೆ ಹಾರುವಂಥದ್ದು. ಮೊದಲನೇ ಬಿಲ್ಲೆ ಒಡೆಯಿತು. ಎರಡನೆಯದೂ ಒಡೆಯಿತು. ಸ್ವಲ್ಪ ಹೊತ್ತು ಹೊರಗೆ ಕಾರಿಡಾರಿನಲ್ಲಿ ನಿಂತು ಬಂದೆ. ಮೂರನೆಯದು ಬಂತು. ಗೈಡೇ ಅದನ್ನು ಎತ್ತಿ ಒಳಗಿಟ್ಟರು. ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಆವಿ ಕಳಿಸುವುದು, ಬಿಸಿ ಮಾಡುವುದು, ಗೆರೆ ನೋಡುವುದು ನಡೆಯಿತು. ನಾನು ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂತಿದ್ದೆ. ಯಾರೋ ಟೀ ತಂದುಕೊಟ್ಟರು. ನಾಲ್ಕೂವರೆಗೆ ಗೈಡು ಕಂಪ್ಯೂಟರಿನಿಂದ ತಿರುಗಿ, "ಹದಿನೇಳೂ ಆಯ್ತಮ್ಮ" ಅಂದರು.

ಹೊರಡುವಾಗ ಮೇಜಿನ ಮೇಲಿದ್ದ ಉದ್ದನೆಯ ರಿಜಿಸ್ಟರನ್ನು ನನ್ನ ಕಡೆ ಸರಿಸಿದರು. ಮೆಷಿನ್ನು ಉಪಯೋಗಿಸಿದವರು ಅದರಲ್ಲಿ ತಾರೀಖು, ಹೆಸರು, ಪುಡಿಯ ನಂಬರು ಬರೆಯಬೇಕಂತೆ. ಪುಟದ ತುಂಬ ಇಂಗ್ಲಿಷಿನಲ್ಲಿ ಅವರದೇ ಅಕ್ಷರ, ಸಾಲಿಗೆ ಸಾಲು. ಕೊನೆಯ ಸಾಲು ಅವರು ತೀರಿಹೋಗುವ ಹಿಂದಿನ ದಿನದ್ದು.

"ಬಿಲ್ಲೆ ಮಾಡಿದೋರು ನೀವು. ನಿಮ್ಮ ಹೆಸರು ಬರೀರಿ ಅಮ್ಮ" ಅಂದರು.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ, ರೇಷನ್ ಅಂಗಡಿಯಲ್ಲಿ ಯಾರಾದರೂ ಕೇಳಿದರೂ ಪಕ್ಕದವರ ಕೈಲಿ ಹೇಳಿಸಿದ್ದೇನೆ. ಕೂತು, ಪೆನ್ನು ತೆಗೆದುಕೊಂಡು, ತಾರೀಖಿನ ಪಕ್ಕದ ಮನೆಯಲ್ಲಿ ಅವರ ಹೆಸರನ್ನು ಬರೆದೆ. ಇನಿಷಿಯಲ್ ಸಮೇತ, ಕನ್ನಡದಲ್ಲಿ. ಬರೆಯುತ್ತಾ ಬರೆಯುತ್ತಾ ಪೂರ್ತಿ ಹೆಸರು ಎಷ್ಟು ಉದ್ದ ಅಂತ ಗೊತ್ತಾಯಿತು. ಮನೆ ಸಾಲದೆ ಪಕ್ಕದ ಮನೆಗೂ ಹೋಯಿತು.

"ಸರಿ ಇದೆಯಾ ಸಾರ್?" ಅಂತ ಕೇಳಿದೆ.

ಅವರು ಕನ್ನಡಕ ತೆಗೆದು, "ಸರಿ ಇದೆಯಮ್ಮ" ಅಂದು, ಪಕ್ಕದಲ್ಲಿ ಸಹಿ ಹಾಕಿದರು.